ಊಹೆ ಪುಸ್ತಕಕ್ಕೆ ಇಳಿದ ಮೇಲೆ ಪರದೆ ತೆರೆಯಲಿ

ಪ್ರಶ್ನೆ: ನಾನು ಕಾಪು ತಾಲೂಕಿನ ಸರಕಾರಿ ಪ್ರೌಢಶಾಲೆಯೊಂದರಲ್ಲಿ ಗಣಿತ ಶಿಕ್ಷಕಿ. ಮುಂಬೈಯಲ್ಲಿರುವ ನಮ್ಮ ಹಳೆ ವಿದ್ಯಾರ್ಥಿಗಳು ಹತ್ತನೆಯ ತರಗತಿಗೆ ದೊಡ್ಡದೊಂದು ಸ್ಮಾರ್ಟ್ ಬೋರ್ಡ್ ಕೊಡಿಸಿದ್ದಾರೆ. ಪ್ರತಿ ಪೀರಿಯಡ್‌ನಲ್ಲಿಯೂ ಅದನ್ನು ಬಳಸಬೇಕೆಂದು ಮುಖ್ಯ ಶಿಕ್ಷಕರ ಒತ್ತಾಯ. ಪಾಠದ ವೀಡಿಯೊ, ಸ್ಲೈಡ್ ಎಲ್ಲವನ್ನೂ ತೋರಿಸುತ್ತಿದ್ದೇನೆ. ಮಕ್ಕಳು ಖುಷಿಯಿಂದ ನೋಡುತ್ತಾರೆ, ಅರ್ಥವಾಯಿತು ಎನ್ನುತ್ತಾರೆ. ಕಿರುಪರೀಕ್ಷೆಯ ಅಂಕ ಮಾತ್ರ ಹಿಂದಿನ ವರ್ಷದಷ್ಟೇ. ಕಂಪ್ಯೂಟರ್ ಕೊಠಡಿಯಲ್ಲಿ ಕೆಲವೇ ಯಂತ್ರಗಳು ನಡೆಯುತ್ತವೆ, ಮಳೆಗಾಲದಲ್ಲಿ ಕರೆಂಟ್ ನಂಬುವಂತಿಲ್ಲ, ಮಕ್ಕಳು ಮೊಬೈಲ್ ತರುವಂತಿಲ್ಲ. ಇಷ್ಟರಲ್ಲಿ ಗಣಿತಕ್ಕೆ ತಂತ್ರಜ್ಞಾನವನ್ನು ಹೇಗೆ ಬಳಸಲಿ? ಬಳಸಲೇಬೇಕೆ?

ಉತ್ತರ: ನಮಸ್ಕಾರ ಟೀಚರ್. ಬಳಸಿ. ಆದರೆ ಪ್ರತಿ ಪೀರಿಯಡ್‌ನಲ್ಲಿ ಬೇಡ, ವೀಡಿಯೊ ತೋರಿಸುವುದಕ್ಕಂತೂ ಬಹಳ ಕಡಿಮೆ ಸಾಕು.

ಮಕ್ಕಳು ಅರ್ಥವಾಯಿತು ಎನ್ನುವುದು ಸುಳ್ಳಲ್ಲ. ಬೇರೆಯವರು ಬಿಡಿಸಿದ ಲೆಕ್ಕವನ್ನು ನೋಡುತ್ತ ಹೋದರೆ ಪ್ರತಿ ಸಾಲೂ ಸರಿಯೆಂದೇ ಕಾಣುತ್ತದೆ. ಮುಂದಿನ ಸಾಲು ಯಾವುದಾಗಬೇಕು ಎಂದು ತಾನೇ ಆರಿಸುವ ಕಷ್ಟ ಅಲ್ಲಿ ಇರುವುದೇ ಇಲ್ಲ. ಪರೀಕ್ಷೆಯಲ್ಲಿ ಎದುರಾಗುವುದು ಆ ಕಷ್ಟವೊಂದೇ. ಹಾಗಾಗಿ ನಿಮ್ಮ ಅಂಕಗಳು ಏರದಿದ್ದುದರಲ್ಲಿ ನನಗೆ ಆಶ್ಚರ್ಯವಿಲ್ಲ, ಅದು ನಿಮ್ಮ ಶಾಲೆಯೊಂದರ ಕಥೆಯೂ ಅಲ್ಲ. ಪೆರು ದೇಶವು ಹಳ್ಳಿ ಶಾಲೆಗಳ ಮಕ್ಕಳಿಗೆ ಒಬ್ಬೊಬ್ಬರಿಗೂ ಒಂದೊಂದು ಲ್ಯಾಪ್‌ಟಾಪ್ ಹಂಚಿತು. 2012ರಲ್ಲಿ ಬಂದ ಮೌಲ್ಯಮಾಪನದ ಪ್ರಕಾರ ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಕಲಿಕೆ ಹೆಚ್ಚಿದ ಕುರುಹು ಸಿಗಲಿಲ್ಲ. ಶಾಲಾ ತಂತ್ರಜ್ಞಾನಕ್ಕೆ ಹೆಚ್ಚು ಹಣ ಸುರಿದ ದೇಶಗಳ ಅಂತರರಾಷ್ಟ್ರೀಯ ಪರೀಕ್ಷಾ ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ಸುಧಾರಣೆ ಕಾಣಲಿಲ್ಲ ಎಂದು ಬಹುಪಾಲು ಶ್ರೀಮಂತ ದೇಶಗಳ ಕೂಟವಾದ ಒಇಸಿಡಿ ಸಂಸ್ಥೆಯೂ 2015ರಲ್ಲಿ ವರದಿ ಮಾಡಿತು.

ಇದಕ್ಕೆ ಎದುರಾಗಿ ನಮ್ಮ ದೇಶದ್ದೇ ಒಂದು ಉದಾಹರಣೆಯಿದೆ. ದಿಲ್ಲಿಯಲ್ಲಿ ಮೈಂಡ್‌ಸ್ಪಾರ್ಕ್ ಎಂಬ ತಂತ್ರಾಂಶವನ್ನು ಶಾಲೆಯ ನಂತರದ ಕೇಂದ್ರಗಳಲ್ಲಿ ಸುಮಾರು ನಾಲ್ಕೂವರೆ ತಿಂಗಳು ಬಳಸಿ ನೋಡಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಅಲ್ಲಿ ಗಣಿತದ ಕಲಿಕೆ ಗಣನೀಯವಾಗಿ ಏರಿತ್ತು. ಆ ತಂತ್ರಾಂಶ ಮಗು ಯಾವ ತರಗತಿಯಲ್ಲಿ ಕುಳಿತಿದೆ ಎಂದು ಕೇಳುವುದಿಲ್ಲ, ಮಗುವಿಗೆ ಎಲ್ಲಿಯವರೆಗೆ ಬರುತ್ತದೆ ಎಂದು ನೋಡಿ ಅಲ್ಲಿಂದ ಪ್ರಶ್ನೆ ಕೊಡುತ್ತದೆ; ಮಗು ಉತ್ತರಿಸುತ್ತದೆ; ತಪ್ಪಿದರೆ ಆ ತಪ್ಪಿಗೆ ತಕ್ಕ ಮುಂದಿನ ಪ್ರಶ್ನೆ ಬರುತ್ತದೆ. ದಿನದ ಒಂದೂವರೆ ಗಂಟೆಯಲ್ಲಿ ಅರ್ಧ ಹೊತ್ತು ಕಂಪ್ಯೂಟರ್ ಮುಂದೆ, ಉಳಿದರ್ಧ ಸಣ್ಣ ಗುಂಪಿನಲ್ಲಿ ಬೋಧಕರ ಜೊತೆ. ನಾನು ಇದರಿಂದ ತೆಗೆದುಕೊಳ್ಳುವ ಪಾಠ ಇಷ್ಟು: ಮಗು ಮೊದಲು ಒಂದು ಉತ್ತರಕ್ಕೆ ತನ್ನನ್ನು ಒಪ್ಪಿಸಿಕೊಳ್ಳಬೇಕು, ಆಮೇಲೆ ಯಂತ್ರ ಮಾತಾಡಬೇಕು. ನಿಮ್ಮ ಬಳಿ ಇರುವ ಒಂದೇ ಒಂದು ಬೋರ್ಡಿನಿಂದಲೂ ಇದನ್ನು ಮಾಡಬಹುದು. ಪರದೆಯ ಮೇಲೆ ಏನಾಗಲಿದೆ ಎಂಬುದನ್ನು ಪ್ರತಿ ಮಗುವೂ ಪುಸ್ತಕದಲ್ಲಿ ಬರೆದ ಮೇಲೆಯೇ ಪರದೆ ತೆರೆಯಿರಿ.

ವರ್ಗ ಸಮೀಕರಣದ ಪಾಠವನ್ನೇ ತೆಗೆದುಕೊಳ್ಳೋಣ. ಇಂಥ ಪಾಠಕ್ಕಾಗಿಯೇ ಆ ಬೋರ್ಡ್ ಇರುವುದು ಎಂದು ನನಗೆ ಅನಿಸುತ್ತದೆ. ಜಿಯೋಜೀಬ್ರಾ ತಂತ್ರಾಂಶ ಹಾಕಿಕೊಳ್ಳಿ. ಮಾರ್ಕಸ್ ಹೋಹೆನ್‌ವಾರ್ಟರ್ ಎಂಬವರು ಆಸ್ಟ್ರಿಯದ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಅಧ್ಯಯನಕ್ಕಾಗಿ 2001ರ ಸುಮಾರಿಗೆ ಶುರುಮಾಡಿದ್ದು ಅದು; ಶಾಲೆಗಳಿಗೆ ಉಚಿತ, ಒಮ್ಮೆ ಹಾಕಿಕೊಂಡರೆ ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತದೆ. ಅದರಲ್ಲಿ ಎಕ್ಸ್² + ಬಿ ಎಕ್ಸ್ + 1 ಎಂಬ ಬಹುಪದೋಕ್ತಿಯ ನಕ್ಷೆಯನ್ನು ಬರೆಯಿಸಿ. ಬಿ ಎಂಬ ಸಹಗುಣಕಕ್ಕೆ, ಎಳೆದು ಬೆಲೆ ಬದಲಿಸುವ ಸ್ಲೈಡರ್ ಇಟ್ಟು ಅದನ್ನು ಸೊನ್ನೆಗೆ ತನ್ನಿ. ಬಟ್ಟಲಿನಾಕಾರದ ಪರವಲಯವೊಂದು ಎಕ್ಸ್ ಅಕ್ಷದಿಂದ ಒಂದು ಮಾನ ಮೇಲೆ ನಿಂತಿರುತ್ತದೆ. ಈಗ ಸ್ಲೈಡರ್ ಮುಟ್ಟಬೇಡಿ. ಬಿ ಬೆಲೆಯನ್ನು ನಿಧಾನವಾಗಿ ಹೆಚ್ಚಿಸುತ್ತ ಹೋದರೆ ಈ ಬಟ್ಟಲು ಎಲ್ಲಿಗೆ ಹೋಗುತ್ತದೆ ಎಂದು ಕೇಳಿ. ಮೇಲಕ್ಕೋ, ಬಲಕ್ಕೋ, ಎಡಕ್ಕೋ, ನಿಂತಲ್ಲೇ ಕಿರಿದಾಗುತ್ತದೋ? ಪ್ರತಿ ಮಗುವೂ ನಕ್ಷಾ ಹಾಳೆಯಲ್ಲಿ ಪೆನ್ಸಿಲಿನಿಂದ ತನ್ನ ಊಹೆಯನ್ನು ಬರೆಯಲಿ. ಎರಡು ನಿಮಿಷ ಕೊಡಿ. ಕೂಡಿಸುವ ಸಂಖ್ಯೆ ದೊಡ್ಡದಾದರೆ ಬಲಕ್ಕೆ ಹೋಗಬೇಕು ಎಂದು ಬಹಳ ಮಕ್ಕಳಿಗೆ ತೋರುತ್ತದೆ.

ಆಮೇಲೆ ಎಳೆಯಿರಿ. ಬಟ್ಟಲು ಎಡಕ್ಕೂ ಕೆಳಕ್ಕೂ ಜಾರುತ್ತದೆ. ತಾನು ಬರೆದದ್ದು ಕಣ್ಣೆದುರಿಗೇ ತಪ್ಪಾದಾಗ ಮಗುವಿನಿಂದ ಬರುವ 'ಯಾಕೆ' ಎಂಬ ಪ್ರಶ್ನೆಗೆ ನಿಮ್ಮ ಇಡೀ ಪೀರಿಯಡ್ ಕೊಡಬಹುದು.

ಒಂದು ಬಿಂದು ಮಾತ್ರ ಅಲುಗುವುದಿಲ್ಲ. ಬಿ ಎಷ್ಟೇ ಇರಲಿ, ವಕ್ರರೇಖೆ ವೈ ಅಕ್ಷವನ್ನು 1ರಲ್ಲಿಯೇ ದಾಟುತ್ತದೆ. ಯಾಕೆ ಎಂದು ಕೇಳಿ. ಎಕ್ಸ್ ಬದಲಿಗೆ ಸೊನ್ನೆ ಹಾಕಿ ನೋಡುವುದು ಹಿಂದಿನ ಬೆಂಚಿನ ಮಗುವಿಗೂ ಸಾಧ್ಯವಾಗುವ ಕೆಲಸ, ಆ ಅವಕಾಶವನ್ನು ಅವರಿಗೇ ಕೊಡಿ. ಮುಂದೆ ಬಟ್ಟಲಿನ ತಳದ ಬಿಂದುವನ್ನು ಹಿಡಿಯಿರಿ. ಬಿ 0, 2, 4, 6 ಆದಾಗ ತಳ ಎಲ್ಲಿದೆ ಎಂದು ಮಕ್ಕಳು ಪಟ್ಟಿ ಮಾಡಲಿ: ಎಕ್ಸ್ ಬೆಲೆ 0, −1, −2, −3, ವೈ ಬೆಲೆ 1, 0, −3, −8. ವೈ ಬೆಲೆಗಳ ವ್ಯತ್ಯಾಸ −1, −3, −5. ಬೆಸಸಂಖ್ಯೆಗಳು! ಸಮಾಂತರ ಶ್ರೇಢಿಯ ಪಾಠ ಮುಗಿದಿದ್ದರೆ ಯಾರಾದರೊಬ್ಬರು ಅದನ್ನು ಗುರುತಿಸಿಯೇ ಗುರುತಿಸುತ್ತಾರೆ. ತಳದ ಬಿಂದುವಿಗೆ ಜಾಡು ಮೂಡಿಸುವ ಆಯ್ಕೆಯನ್ನು ಒತ್ತಿ ಸ್ಲೈಡರನ್ನು ಎರಡೂ ಕಡೆಗೆ ಓಡಿಸಿದರೆ ಆ ಜಾಡು ತಲೆಕೆಳಗಾದ ಇನ್ನೊಂದು ಪರವಲಯವಾಗಿ ಮೂಡುತ್ತದೆ, 1 − ಎಕ್ಸ್². ಸೀಮೆಸುಣ್ಣದಲ್ಲಿ ಇದನ್ನು ತೋರಿಸಲು ನಿಮಗೆ ಒಂದು ವಾರ ಬೇಕಾದೀತು.

ಪರೀಕ್ಷೆಗೆ ಬೇಕಾದದ್ದೂ ಇಲ್ಲಿಯೇ ಇದೆ. ಬಿ 2 ಆದಾಗ, ಮತ್ತೆ −2 ಆದಾಗ ಬಟ್ಟಲಿನ ತಳ ಅಕ್ಷಕ್ಕೆ ತಾಗುತ್ತದೆ. ಅವೆರಡರ ನಡುವೆ ಅಕ್ಷವನ್ನು ಮುಟ್ಟುವುದೇ ಇಲ್ಲ, ಆಚೆ ಹೋದರೆ ಎರಡು ಕಡೆ ಕತ್ತರಿಸುತ್ತದೆ. ಶೋಧಕ (ಬಿ² − 4ಎಸಿ) ಸೊನ್ನೆ, ಋಣ, ಧನ ಎಂದು ಬಾಯಿಪಾಠ ಮಾಡಿಸುವ ಮೂರು ಸಾಲುಗಳು ಕಣ್ಣಿಗೆ ಕಂಡದ್ದು ಹೀಗೆ. ಈಗ ಬೋರ್ಡನ್ನು ಆಫ್ ಮಾಡಿ, ಬಿ² − 4 ಬರೆದು, ಕಂಡದ್ದನ್ನು ಲೆಕ್ಕದಿಂದ ಸಾಧಿಸಲು ಹೇಳಿ. ಆಫ್ ಮಾಡುವುದು ಮುಖ್ಯ. ಬೆಳಗುತ್ತಿರುವ ಪರದೆಯ ಎದುರಿಗೆ ಯಾರೂ ಪುಸ್ತಕ ನೋಡುವುದಿಲ್ಲ.

ರೇಖಾಗಣಿತದಲ್ಲಿ ಇದೇ ತಂತ್ರಾಂಶಕ್ಕೆ ಒಂದು ಅಪಾಯವಿದೆ. ತ್ರಿಭುಜದ ಮೂಲೆ ಹಿಡಿದು ಎಳೆದಂತೆಲ್ಲ ಕೋನಗಳ ಮೊತ್ತ 180 ಎಂದೇ ತೋರಿಸುತ್ತಿದ್ದರೆ, ಸಾಧನೆ ಬರೆಯುವುದು ಯಾಕೆ ಎಂದು ಮಕ್ಕಳು ಕೇಳುತ್ತಾರೆ, ನ್ಯಾಯವಾದ ಪ್ರಶ್ನೆ. ಇದಕ್ಕೆ ಬಾಯಿಮಾತಿನ ಉತ್ತರ ಸಾಲದು, ಪರದೆಯೇ ಉತ್ತರಿಸಲಿ. ವೃತ್ತದ ಮೇಲೆ ಎರಡು ಬಿಂದು ಇಟ್ಟು ಜ್ಯಾ ಎಳೆದರೆ ವೃತ್ತ 2 ತುಂಡಾಗುತ್ತದೆ. ಮೂರು ಬಿಂದುಗಳನ್ನು ಪರಸ್ಪರ ಸೇರಿಸಿದರೆ 4, ನಾಲ್ಕಕ್ಕೆ 8, ಐದಕ್ಕೆ 16. ಆರು ಬಿಂದುಗಳಿಗೆ ಎಷ್ಟು ಎಂದು ಬರೆಯಿಸಿ. ಇಡೀ ತರಗತಿ 32 ಎನ್ನುತ್ತದೆ. ಎಣಿಸಲು ಹೇಳಿ. 31 ಬರುತ್ತದೆ, ಎಷ್ಟು ಸಲ ಎಣಿಸಿದರೂ 31. ಬಿಂದುಗಳನ್ನು ಸಮಾನ ಅಂತರದಲ್ಲಿ ಇಟ್ಟವರಿಗೆ 30 ಬರುತ್ತದೆ, ಏಕೆಂದರೆ ನಡುವಿನ ಮೂರು ಜ್ಯಾಗಳು ಒಂದೇ ಕಡೆ ಸಂಧಿಸುತ್ತವೆ. ಒಂದು ಬಿಂದುವನ್ನು ಸ್ವಲ್ಪ ಸರಿಸಿದರೆ ಅಲ್ಲೊಂದು ಪುಟ್ಟ ತ್ರಿಭುಜ ತೆರೆದುಕೊಂಡು 31 ಆಗುವುದನ್ನು ಮಕ್ಕಳೇ ನೋಡಬಹುದು. ನಾಲ್ಕು ಸಲ ಸರಿಯಾದದ್ದು ಐದನೆಯ ಸಲ ತಪ್ಪಬಹುದು ಎಂದು ಒಮ್ಮೆ ತಟ್ಟಿದ ಮಗುವಿಗೆ ಪ್ರಮೇಯದ ಸಾಧನೆ ಹೊರೆಯೆನಿಸುವುದಿಲ್ಲ. ಥೇಲ್ಸ್ ಪ್ರಮೇಯಕ್ಕೆ ಕೈಹಾಕುವ ಹಿಂದಿನ ದಿನ ಇದನ್ನು ಮಾಡಿ.

ತ್ರಿಕೋನಮಿತಿಗೆ ಬೋರ್ಡ್ ಬೇಡ, ಹೊರಗೆ ಹೋಗಿ. 75 ಮೀಟರ್ ಎತ್ತರದ ದೀಪಸ್ತಂಭದಿಂದ ಎರಡು ಹಡಗುಗಳನ್ನು 30 ಮತ್ತು 45 ಡಿಗ್ರಿ ಅವನತ ಕೋನದಲ್ಲಿ ನೋಡುವ ಲೆಕ್ಕ ಪಠ್ಯದಲ್ಲಿದೆ. ನಿಮ್ಮ ಮಕ್ಕಳಿಗೆ ದೀಪಸ್ತಂಭ ಚಿತ್ರದ ವಸ್ತುವಲ್ಲ. ಕಾಪು ಕಡಲ ಕಿನಾರೆಯ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ, ಸುಮಾರು 27 ಮೀಟರ್ ಎತ್ತರದ ಸ್ತಂಭವನ್ನು ಅವರು ಹುಟ್ಟಿದಾಗಿನಿಂದ ನೋಡಿದ್ದಾರೆ. ಆ ಬಂಡೆಯೇ ನಿಮಗೆ ವರ. ಸ್ತಂಭದ ಬುಡ ಬಂಡೆಯ ಮೇಲಿರುವುದರಿಂದ ಮರಳಿನಿಂದ ಬುಡಕ್ಕೆ ಟೇಪು ಹಿಡಿದು ನೇರ ದೂರ ಅಳೆಯಲಾಗುವುದಿಲ್ಲ. ಹಾಗಾಗಿ ಸ್ತಂಭದೊಂದಿಗೆ ಒಂದೇ ಗೆರೆಯಲ್ಲಿರುವಂತೆ ಮರಳಿನ ಮೇಲೆ ಎರಡು ಕಡೆ ನಿಂತು ಎರಡು ಉನ್ನತ ಕೋನಗಳನ್ನು ಅಳೆಯಬೇಕಾಗುತ್ತದೆ. ಪುಸ್ತಕದಲ್ಲಿ ಎರಡು ಕೋನದ ಲೆಕ್ಕ ಯಾಕಿದೆ ಎಂಬುದು ಅಲ್ಲಿ ನಿಂತಾಗ ಹೇಳದೆಯೇ ತಿಳಿಯುತ್ತದೆ.

ಅಳೆಯಲು ಒಂದು ಕೋನಮಾಪಕ, ದಾರ, ದಾರಕ್ಕೆ ಕಟ್ಟಿದ ಕಲ್ಲು, ನೋಡಲು ಒಂದು ಸ್ಟ್ರಾ. ಜೊತೆಗೆ ನಿಮ್ಮ ಫೋನಿನಲ್ಲಿ ಓರೆ ಅಳೆಯುವ ಆ್ಯಪ್. ಎರಡರಲ್ಲಿಯೂ ಅಳೆದು ಹೋಲಿಸಿ. ಎರಡು ನಿಲುವುಗಳ ನಡುವೆ 25 ಮೀಟರ್, ಕೋನಗಳು 30 ಮತ್ತು 45 ಡಿಗ್ರಿ ಬಂದವೆಂದು ಇಟ್ಟುಕೊಳ್ಳಿ. 25ನ್ನು 1.732 − 1ರಿಂದ ಭಾಗಿಸಿದರೆ ಸುಮಾರು 34.2 ಮೀಟರ್. ಅದು ಅಳೆಯುವವರ ಕಣ್ಣಿನ ಮಟ್ಟದಿಂದ ಮೇಲಿನ ಎತ್ತರ, ಬಂಡೆಯೂ ಸೇರಿ. ಮರಳಿನಿಂದ ಬೇಕಿದ್ದರೆ ಕಣ್ಣಿನ ಎತ್ತರವನ್ನು ಕೂಡಿಸಬೇಕು. ಈಗ 45ರ ಬದಲು 46 ಎಂದು ಓದಿದ್ದರೆ? ಉತ್ತರ 32.6ಕ್ಕೆ ಇಳಿಯುತ್ತದೆ. ಒಂದು ಡಿಗ್ರಿಯ ತಪ್ಪಿಗೆ ಒಂದೂವರೆ ಮೀಟರ್! ಯಾವ ಗುಂಪಿನ ಉತ್ತರವೂ ಇನ್ನೊಂದರಂತೆ ಇರುವುದಿಲ್ಲ. ಯಾಕೆ, ಯಾವುದನ್ನು ನಂಬೋಣ, ಸರಾಸರಿ ತೆಗೆಯೋಣವೇ ಎಂಬ ಮಾತು ತರಗತಿಗೆ ಮರಳಿದ ಮೇಲೂ ನಡೆಯಲಿ. ಮರುದಿನ ಬೋರ್ಡಿನಲ್ಲಿ ಅದೇ ಚಿತ್ರ ಬರೆದು ಕೋನವನ್ನು ಎಳೆದು ತೋರಿಸಿದರೆ ಪರದೆಗೆ ಅರ್ಥ ಬರುತ್ತದೆ. ಒಂದು ಎಚ್ಚರಿಕೆ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಕಿನಾರೆಗೆ ಮಕ್ಕಳನ್ನು ಕರೆದೊಯ್ಯಬೇಡಿ, ಬೇರೆ ತಿಂಗಳಲ್ಲಾದರೂ ನೀರಿನಿಂದ ದೂರ ನಿಲ್ಲಿಸಿ.

ಇನ್ನು, ಮಕ್ಕಳ ತಲೆಯಲ್ಲಿ ಏನಿದೆ ಎಂದು ತಿಳಿಯುವುದು. ನನ್ನ ಮಟ್ಟಿಗೆ ತಂತ್ರಜ್ಞಾನದ ಅತಿ ದೊಡ್ಡ ಉಪಕಾರ ಇದೇ, ನಮ್ಮ ಶಾಲೆಗಳಲ್ಲಿ ಅತಿ ಕಡಿಮೆ ಬಳಕೆಯಾಗುವುದೂ ಇದೇ. ಕೈ ಎತ್ತಿದ ಮೂವರಿಂದ ಉತ್ತರ ಪಡೆದು ಪಾಠ ಮುಂದೆ ಹೋಗುತ್ತದೆ, ಉಳಿದವರ ಸುದ್ದಿ ಉತ್ತರಪತ್ರಿಕೆಯಲ್ಲಿ ಸಿಗುತ್ತದೆ, ಆಗ ತಡವಾಗಿರುತ್ತದೆ. ಪ್ಲಿಕರ್ಸ್ ಎಂಬ ಆ್ಯಪ್ ನೋಡಿ. ಪ್ರತಿ ಮಗುವಿಗೂ ಚೌಕಾಕಾರದ ಗುರುತಿರುವ ಒಂದು ಕಾಗದದ ಕಾರ್ಡ್. ಅದನ್ನು ಯಾವ ಬದಿ ಮೇಲಾಗಿ ಹಿಡಿಯುತ್ತಾರೆ ಎಂಬುದೇ ನಾಲ್ಕರಲ್ಲಿ ಒಂದು ಉತ್ತರ. ನಿಮ್ಮ ಫೋನಿನ ಕ್ಯಾಮೆರಾವನ್ನು ತರಗತಿಯ ಕಡೆ ತಿರುಗಿಸಿದರೆ ಯಾರು ಏನು ಹೇಳಿದರು ಎಂದು ಕ್ಷಣದಲ್ಲಿ ದಾಖಲಾಗುತ್ತದೆ. ಮಕ್ಕಳ ಕೈಗೆ ಯಾವ ಯಂತ್ರವೂ ಬೇಡ. ಪಕ್ಕದವರ ಕಾರ್ಡ್ ನೋಡಿ ಉತ್ತರ ಕದಿಯುವುದೂ ಕಷ್ಟ. ನೆಟ್‌ವರ್ಕ್ ಇಲ್ಲದ ದಿನ ನಾಲ್ಕು ಬಣ್ಣದ ಚೀಟಿಗಳನ್ನು ಎದೆಗೆ ಹಿಡಿಯಿಸಿದರೂ ಅರ್ಧ ಕೆಲಸ ಆಗುತ್ತದೆ.

ಎಲ್ಲವೂ ನಿಂತಿರುವುದು ಪ್ರಶ್ನೆಯ ಮೇಲೆ. ತಪ್ಪು ಆಯ್ಕೆಗಳನ್ನು ಸುಮ್ಮನೆ ತುಂಬಿಸಬೇಡಿ, ಪ್ರತಿಯೊಂದೂ ಮಕ್ಕಳು ನಿಜವಾಗಿ ಮಾಡುವ ತಪ್ಪಾಗಿರಲಿ. 9 + 16ರ ವರ್ಗಮೂಲ ಎಷ್ಟು ಎಂಬುದಕ್ಕೆ 5, 7, 12, 25 ಎಂದು ಕೊಟ್ಟರೆ, 7 ಎಂದವರು ಎರಡು ಮೂಲಗಳನ್ನು ಬೇರೆ ಬೇರೆ ತೆಗೆದು ಕೂಡಿಸಿದ್ದಾರೆ. ಎ + ಬಿಯ ವರ್ಗ ಎಂದರೆ ಎ² + ಬಿ² ಎಂದು ಬರೆಯುವವರು ಬಹುಪಾಲು ಇವರೇ. 12 ಎಂದವರು ಮೂರನ್ನೂ ನಾಲ್ಕನ್ನೂ ಗುಣಿಸಿದ್ದಾರೆ, 25 ಎಂದವರು ಕೂಡಿಸಿ ನಿಲ್ಲಿಸಿದ್ದಾರೆ. ಹಾರ್ವರ್ಡ್‌ನ ಭೌತಶಾಸ್ತ್ರಜ್ಞ ಎರಿಕ್ ಮಝೂರ್ 1990ರ ದಶಕದ ಆರಂಭದಿಂದ ಬೆಳೆಸಿದ ಕ್ರಮ ಇಲ್ಲಿ ಒಪ್ಪುತ್ತದೆ: ಹೆಚ್ಚುಕಡಿಮೆ ಅರ್ಧ ತರಗತಿ ಸರಿ, ಅರ್ಧ ತಪ್ಪು ಎಂದು ಬಂದಾಗ ಸರಿಯುತ್ತರ ಹೇಳಬೇಡಿ, ಬೇರೆ ಉತ್ತರ ಕೊಟ್ಟ ಪಕ್ಕದವರೊಡನೆ ವಾದ ಮಾಡಲು ಬಿಟ್ಟು, ಮತ್ತೊಮ್ಮೆ ಕಾರ್ಡ್ ಎತ್ತಿಸಿ. ಆ ವಾದ ತುಳುವಿನಲ್ಲಿ ನಡೆಯಲಿ, ಕೊಂಕಣಿಯಲ್ಲಿ, ಬ್ಯಾರಿಯಲ್ಲಿ ನಡೆಯಲಿ, ತಡೆಯಬೇಡಿ. ಮನೆಮಾತಿನಲ್ಲಿ ಜಗಳವಾಡಿ ಗೆದ್ದ ತರ್ಕವನ್ನು ಕನ್ನಡದಲ್ಲಿ ಬರೆಯುವುದು ಅವರಿಗೆ ಕಷ್ಟವಲ್ಲ. ತರ್ಕವೇ ಇಲ್ಲದೆ ಕನ್ನಡದ ವಾಕ್ಯ ಉರುಹೊಡೆದವರ ಕಷ್ಟವೇ ದೊಡ್ಡದು.

ಪಠ್ಯಪುಸ್ತಕದ ಕ್ಯೂಆರ್ ಕೋಡ್‌ನಿಂದ ತೆರೆಯುವ, ಸರಕಾರದ ದೀಕ್ಷಾ ಜಾಲತಾಣದ ವೀಡಿಯೊಗಳನ್ನು ಹಿಂದಿನ ದಿನವೇ ಇಳಿಸಿಟ್ಟುಕೊಳ್ಳಿ, ಲೆಕ್ಕ ಬಿಡಿಸುವ ಮುನ್ನ ನಿಲ್ಲಿಸಿ, ಮುಂದಿನ ಸಾಲನ್ನು ಮಕ್ಕಳು ಬರೆದ ಮೇಲೆ ಮುಂದುವರಿಸಿ. ವೀಡಿಯೊ ಬಗ್ಗೆ ನನಗೆ ಇದಕ್ಕಿಂತ ಹೆಚ್ಚು ಹೇಳಲು ಇಲ್ಲ.

ಸಂಖ್ಯಾಶಾಸ್ತ್ರಕ್ಕೆ ಸ್ಪ್ರೆಡ್‌ಶೀಟ್ ಸಾಕು. ಶಾಲೆಯಂಗಳದಲ್ಲಿ ಮಳೆಮಾಪಕ ಇಟ್ಟು ಜುಲೈಯ ದಿನವಹಿ ಮಳೆಯನ್ನು ಮಕ್ಕಳೇ ತುಂಬಲಿ. ಒಂದೆರಡು ದಿನ ಕುಂಭದ್ರೋಣ ಮಳೆ ಸುರಿದಾಗ ಸರಾಸರಿ ಹೇಗೆ ಜಿಗಿಯುತ್ತದೆ, ಮಧ್ಯಾಂಕ ಹೇಗೆ ಅಲುಗದೆ ಉಳಿಯುತ್ತದೆ ಎಂದು ನಮ್ಮ ಕರಾವಳಿಯ ಮಳೆಗಿಂತ ಚೆನ್ನಾಗಿ ತೋರಿಸುವ ದತ್ತಾಂಶ ಸಿಗದು. ನಡೆಯುವ ಕೆಲವೇ ಕಂಪ್ಯೂಟರ್‌ಗಳು ಇದಕ್ಕೆ ಒದಗುತ್ತವೆ: ಒಂದು ಯಂತ್ರಕ್ಕೆ ಮೂವರು, ಕೀಲಿಮಣೆ ಒಬ್ಬರ ಕೈಯಲ್ಲಿ, ಏನು ಒತ್ತಬೇಕು ಎಂದು ಹೇಳುವುದು ಇನ್ನೊಬ್ಬರು, ಬರೆದುಕೊಳ್ಳುವುದು ಮತ್ತೊಬ್ಬರು, ಸರದಿ ಬದಲಾಗುತ್ತಿರಲಿ.

ಅಪವರ್ತಿಸುವುದು, ಕೈವಾರ ಹಿಡಿದು ರಚನೆ ಮಾಡುವುದು, ಸಾಧನೆಯನ್ನು ಕಾರಣಸಹಿತ ಬರೆಯುವುದು, ಇವಕ್ಕೆ ಪರದೆಯನ್ನು ತರಲೇಬೇಡಿ. ಎಸೆಸೆಲ್ಸಿ ಗಣಿತದ 80 ಅಂಕದ ಲಿಖಿತ ಪರೀಕ್ಷೆ ಕಾಗದದ ಮೇಲೆಯೇ ನಡೆಯುತ್ತದೆ, ಅದಕ್ಕೆ ಕೈ ಪಳಗಬೇಕು. ನೀವು ಕರಿಹಲಗೆಯ ಮೇಲೆ ಒಂದೊಂದೇ ಸಾಲು ಬರೆಯುತ್ತ, ನಡುವೆ ನಿಂತು, ಯೋಚಿಸಿ ಮುಂದುವರಿಯುವುದನ್ನು ಮಗು ನೋಡಬೇಕು. ಸ್ಲೈಡ್ ಆ ನಿಲುಗಡೆಗಳನ್ನು ಅಳಿಸಿಬಿಡುತ್ತದೆ.

ಕರೆಂಟ್ ವಿಚಾರ. ಗಾಳಿಮಳೆಗೆ ಲೈನ್ ಹೋದರೆ ಮೆಸ್ಕಾಂನವರಿಗೂ ಹೊತ್ತು ಬೇಕಾಗುತ್ತದೆ, ಆದ್ದರಿಂದ ಪರದೆಯ ಪಾಠಗಳನ್ನು ಸೆಪ್ಟೆಂಬರ್ ನಂತರಕ್ಕೆ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಶಾಲೆಗೆ ರಜೆ ಕೊಟ್ಟ ದಿನಗಳಲ್ಲೂ ಬೋರ್ಡನ್ನು ಆಗಾಗ ಸ್ವಲ್ಪ ಹೊತ್ತು ಚಾಲೂ ಇಡಿಸಿ. ಕರಾವಳಿಯ ತೇವಕ್ಕೆ ಮುಚ್ಚಿಟ್ಟ ಯಂತ್ರ ಬೇಗ ಕೆಡುತ್ತದೆ. ಸಿಡಿಲಿನ ಹೊತ್ತಿನಲ್ಲಿ ಪ್ಲಗ್ ಕೀಳುವುದನ್ನು ಒಬ್ಬ ಮಗುವಿನ ಜವಾಬ್ದಾರಿ ಮಾಡಬೇಡಿ, ಅದು ದೊಡ್ಡವರ ಕೆಲಸ. ಹಳೆ ವಿದ್ಯಾರ್ಥಿಗಳು ಇನ್ನೇನು ಬೇಕೆಂದು ಕೇಳಿದರೆ ಎರಡನೆಯ ಬೋರ್ಡ್ ಕೇಳಬೇಡಿ. ಯುಪಿಎಸ್, ವರ್ಷಕ್ಕೊಮ್ಮೆ ದುರಸ್ತಿಗೆ ಹಣ, ಮಳೆಮಾಪಕ, ಪ್ರತಿ ಮಗುವಿಗೆ ನಕ್ಷಾ ಪುಸ್ತಕ ಕೇಳಿ.

ಮುಖ್ಯ ಶಿಕ್ಷಕರ ಒತ್ತಾಯವನ್ನು ನಾನು ಅರ್ಥಮಾಡಿಕೊಳ್ಳಬಲ್ಲೆ. ದಾನಿಗಳಿಗೆ, ಶಾಲಾಭಿವೃದ್ಧಿ ಸಮಿತಿಗೆ (ಎಸ್‌ಡಿಎಂಸಿ) ಅವರು ಉತ್ತರ ಹೇಳಬೇಕು, ಬಳಕೆಯ ಗಂಟೆಗಳ ಹೊರತು ತೋರಿಸಲು ಅವರ ಕೈಯಲ್ಲಿ ಬೇರೇನೂ ಇಲ್ಲ. ನೀವೇ ಅವರ ಕೈಗೆ ಬೇರೊಂದನ್ನು ಕೊಡಿ. ಈ ವರ್ಷ ಮೂರೇ ಪಾಠ ಆರಿಸಿಕೊಳ್ಳಿ: ಪರವಲಯ, ವೃತ್ತದ ತುಂಡುಗಳು, ದೀಪಸ್ತಂಭ. ಪ್ರತಿಯೊಂದಕ್ಕೂ ಮೊದಲು ಎರಡು ಪ್ರಶ್ನೆಗಳಿಗೆ ಮಕ್ಕಳಿಂದ ಚೀಟಿಯಲ್ಲಿ ಉತ್ತರ ಬರೆಯಿಸಿ. ಪಾಠ ಮುಗಿದು ಎರಡು ವಾರವಾದ ಮೇಲೆ, ಮುಂಚಿತವಾಗಿ ಹೇಳದೆ, ಅದೇ ಬಗೆಯ ಎರಡು ಪ್ರಶ್ನೆ ಮತ್ತೆ ಕೊಡಿ. ಎರಡೂ ಸಲದ ಚೀಟಿಗಳನ್ನು ಮಗುವಾರು ಪಿನ್ ಮಾಡಿ ಮುಖ್ಯ ಶಿಕ್ಷಕರ ಮೇಜಿನ ಮೇಲಿಡಿ, ಸುಧಾರಿಸದವರದ್ದನ್ನೂ ಸೇರಿಸಿ. ಆ ಮಕ್ಕಳಿಗೆ ಏನು ಮಾಡಬೇಕು ಎಂಬ ಮಾತು ನಿಮ್ಮಿಬ್ಬರ ನಡುವೆ ಅಲ್ಲಿಂದ ಶುರುವಾಗಲಿ.